ರಾಜ್ಯ ಗೆಲ್ಲುವ ಆಟಕ್ಕೊಂದು ನಕ್ಷೆ

ನಮ್ಮ ಹಳೆಯ ದೇವಾಲಯಗಳ ಜಗಲಿಯ ಮೇಲೋ ಅರಳಿಕಟ್ಟೆಯ ಚಪ್ಪಡಿಯ ಮೇಲೋ ಕಲ್ಲಿನಲ್ಲಿ ಕೊರೆದ ಕೆಲವು ಗೆರೆಗಳನ್ನು ವಾಚಕರಲ್ಲಿ ಅನೇಕರು ನೋಡಿರಬಹುದು. ಒಂದು ತ್ರಿಕೋಣ; ಅದರ ತುದಿಯಿಂದ ಕೆಳಗಿಳಿದ ಕೆಲವು ಗೆರೆಗಳು; ಅವನ್ನು ಅಡ್ಡಲಾಗಿ ಕತ್ತರಿಸುವ ಮತ್ತೆ ಕೆಲವು ಗೆರೆಗಳು. ಇದು ಹುಲಿ-ಕುರಿಯ ಆಟದ ಮನೆ. ಮೂರು ಹುಲಿಗಳು ಒಂದು ಕಡೆ, ಹದಿನೈದು ಕುರಿಗಳು ಇನ್ನೊಂದು ಕಡೆ. ಹುಲಿ ಕುರಿಯನ್ನು ಹಾರಿ ಕೊಲ್ಲಬೇಕು. ಕುರಿಗಳು ಹುಲಿಯನ್ನು ಸುತ್ತುಗಟ್ಟಿ ಅಲುಗದಂತೆ ಮಾಡಬೇಕು. ಕಾಯಿಗಳು ಹುಣಿಸೆಬೀಜವಾದರೂ ಆದೀತು, ಬೆಣಚುಕಲ್ಲಾದರೂ ಆದೀತು. ಆಟವಿರುವುದು ಕಾಯಿಗಳಲ್ಲಿ ಅಲ್ಲ, ಗೆರೆಗಳಲ್ಲಿ. ಒಂದೆರಡು ಗೆರೆಗಳನ್ನು ಅಳಿಸಿದರೆ ಹುಲಿ ಬಡವಾಗುತ್ತದೆ. ಒಂದೆರಡನ್ನು ಹೆಚ್ಚಾಗಿ ಎಳೆದರೆ ಕುರಿಗಳಿಗೆ ಉಳಿಗಾಲವಿಲ್ಲ. ಎರಡು ಪಕ್ಷಗಳಿಗೂ ನ್ಯಾಯ ದೊರೆಯುವಂತೆ ಆ ಗೆರೆಗಳನ್ನು ಮೊದಲು ಎಳೆದವನು ಯಾರೋ ತಿಳಿಯದು. ಆದರೆ ಅವನು ನಕ್ಷೆಯ ಮರ್ಮವನ್ನು ಬಲ್ಲವನಾಗಿದ್ದನೆಂಬುದರಲ್ಲಿ ಸಂದೇಹವಿಲ್ಲ.

ಪ್ರಾಂತಗಳನ್ನು ಒಂದೊಂದಾಗಿ ಗೆದ್ದು ರಾಜ್ಯವನ್ನು ವಿಸ್ತರಿಸುವ ಆಟಗಳನ್ನು ಇಂದು ವಿದ್ಯಾರ್ಥಿಗಳು ಹಲಗೆಯ ಮೇಲೂ ಗಣಕಯಂತ್ರದ ತೆರೆಯ ಮೇಲೂ ಆಡುತ್ತಾರೆ. ಆಡಿ ರುಚಿ ಹತ್ತಿದವರಿಗೆ ತಾವೇ ಒಂದು ನಕ್ಷೆಯನ್ನು ಬರೆಯಬೇಕೆಂಬ ಆಸೆ ಹುಟ್ಟುವುದು ಸಹಜ. ಬಣ್ಣದ ಪೆನ್ಸಿಲೂ ಒಂದು ಹಾಳೆ ರಟ್ಟೂ ಇದ್ದರೆ ನಕ್ಷೆ ಒಂದು ಸಂಜೆಯಲ್ಲಿ ಸಿದ್ಧವಾಗುತ್ತದೆ. ಆದರೆ ಅದರ ಮೇಲೆ ಆಡತೊಡಗಿದಾಗ ಒಂದು ಪ್ರಶ್ನೆ ಏಳುತ್ತದೆ. ಸೋತ ಗೆಳೆಯನು ತನ್ನ ಬುದ್ಧಿಯ ಕೊರತೆಯಿಂದ ಸೋತನೆ, ಅಥವಾ ನಾವು ಎಳೆದ ಗೆರೆಗಳಿಂದ ಸೋತನೆ? ಎರಡನೆಯದು ನಿಜವಾದರೆ ಆಟ ಆರಂಭವಾಗುವ ಮೊದಲೇ ಅವನಿಗೆ ಅನ್ಯಾಯವಾಗಿದೆ. ಆ ಅನ್ಯಾಯವನ್ನು ಮಾಡಿದವರು ನಾವು. ಅದನ್ನು ಮುಂದಾಗಿ ಕಂಡುಕೊಳ್ಳುವ ಉಪಾಯವುಂಟೆ? ಉಂಟು. ಅದಕ್ಕೆ ಬೇಕಾದುದು ಎಣಿಸುವ ತಾಳ್ಮೆ ಮಾತ್ರ.

ಲಾಮೊರೀಸನ ಜಗತ್ತು

ಈ ಜಾತಿಯ ಆಟಗಳಲ್ಲಿ ಅತ್ಯಂತ ಪ್ರಸಿದ್ಧವಾದುದು 'ರಿಸ್ಕ್'. ಇದನ್ನು ರಚಿಸಿದವನು ಫ್ರಾನ್ಸ್ ದೇಶದ ಆಲ್ಬೇರ್ ಲಾಮೊರೀಸ್. ಇವನು ವೃತ್ತಿಯಿಂದ ಚಲನಚಿತ್ರ ನಿರ್ದೇಶಕ. ಒಬ್ಬ ಹುಡುಗನನ್ನೂ ಒಂದು ಬಲೂನನ್ನೂ ಕುರಿತ ಇವನ 'ಕೆಂಪು ಬಲೂನು' ಎಂಬ ಚಿತ್ರ 1956ರಲ್ಲಿ ತೆರೆಕಂಡು ಲೋಕವಿಖ್ಯಾತವಾಯಿತು. ಮರುವರ್ಷ, 1957ರಲ್ಲಿ, 'ಜಗತ್ತಿನ ವಿಜಯ' ಎಂಬ ಅರ್ಥದ ಫ್ರೆಂಚ್ ಹೆಸರಿನಿಂದ ಇವನ ಆಟ ಮಾರಾಟಕ್ಕೆ ಬಂದಿತು. 1959ರಲ್ಲಿ ಅಮೆರಿಕದಲ್ಲಿ ಅದು 'ರಿಸ್ಕ್' ಆಯಿತು.

ಆಟದ ನಿಯಮಗಳು ಸರಳ. ಹಲಗೆಯ ಮೇಲೆ ಭೂಮಂಡಲವನ್ನು 42 ಪ್ರಾಂತಗಳಾಗಿ ವಿಭಾಗಿಸಿದೆ. ಆ ಪ್ರಾಂತಗಳನ್ನು 6 ಖಂಡಗಳಾಗಿ ಗುಂಪುಗೂಡಿಸಿದೆ. ಪ್ರತಿಯೊಬ್ಬ ಆಟಗಾರನೂ ತನ್ನ ಸರದಿ ಬಂದಾಗ ತನ್ನಲ್ಲಿರುವ ಪ್ರಾಂತಗಳ ಸಂಖ್ಯೆಯನ್ನು 3ರಿಂದ ಭಾಗಿಸಿದಷ್ಟು ಹೊಸ ದಳಗಳನ್ನು ಪಡೆಯುತ್ತಾನೆ. ಎಷ್ಟು ಬಡವನಾದರೂ 3ಕ್ಕೆ ಕಡಮೆಯಿಲ್ಲ. ಒಂದು ಖಂಡದ ಎಲ್ಲ ಪ್ರಾಂತಗಳೂ ಅವನ ವಶದಲ್ಲಿದ್ದರೆ ಆ ಖಂಡಕ್ಕೆ ಗೊತ್ತುಮಾಡಿದ ಹೆಚ್ಚುವರಿ ದಳಗಳೂ ದೊರೆಯುತ್ತವೆ. ತನ್ನ ಪ್ರಾಂತಕ್ಕೆ ತಾಗಿಕೊಂಡಿರುವ ಶತ್ರುಪ್ರಾಂತದ ಮೇಲೆ ಮಾತ್ರ ಅವನು ದಂಡೆತ್ತಿ ಹೋಗಬಹುದು. ಜಯಾಪಜಯವನ್ನು ದಾಳಗಳು ನಿರ್ಣಯಿಸುತ್ತವೆ.

ಈ ಹಲಗೆಯನ್ನು ಭೂಗೋಳದ ಉಪಾಧ್ಯಾಯರು ನೋಡಿದರೆ ಹುಬ್ಬುಗಂಟಿಕ್ಕಬಹುದು. ಯುಕ್ರೇನ್ ಎಂಬ ಹೆಸರಿನ ಪ್ರಾಂತ ಯೂರೋಪಿನ ಪೂರ್ವಭಾಗವನ್ನೆಲ್ಲ ನುಂಗಿಕೊಂಡು ಕುಳಿತಿದೆ. ಬ್ರೆಜಿಲಿನಿಂದ ಉತ್ತರ ಆಫ್ರಿಕಕ್ಕೆ ಅಟ್ಲಾಂಟಿಕ್ ಸಾಗರವನ್ನು ದಾಟುವ ಗೆರೆಯೊಂದಿದೆ. ಹಲಗೆಯ ಎಡ ತುದಿಯ ಅಲಾಸ್ಕದಿಂದ ಹೊರಟ ಸೈನ್ಯ ಬಲ ತುದಿಯ ಕಮ್ಚಟ್ಕವನ್ನು ಮುಟ್ಟುತ್ತದೆ. ಇವು ತಪ್ಪುಗಳಲ್ಲ. ಭೂಪಟ ಬರೆಯುವವನು ನೆಲಕ್ಕೆ ಉತ್ತರ ಹೇಳಬೇಕು. ಆಟದ ನಕ್ಷೆ ಬರೆಯುವವನು ಆಟಗಾರರಿಗೆ ಉತ್ತರ ಹೇಳಬೇಕು.

ನಕ್ಷೆಯ ಅಸ್ಥಿಪಂಜರ

ನಕ್ಷೆಯ ಬಣ್ಣ, ನದಿ, ಬೆಟ್ಟ, ಹೆಸರುಗಳನ್ನೆಲ್ಲ ತೆಗೆದುಹಾಕಿ, ಒಂದೊಂದು ಪ್ರಾಂತಕ್ಕೆ ಒಂದೊಂದು ಚುಕ್ಕೆಯನ್ನಿಡೋಣ. ಯಾವ ಎರಡು ಪ್ರಾಂತಗಳ ನಡುವೆ ಸೈನ್ಯ ಸಂಚರಿಸಬಹುದೋ ಆ ಎರಡು ಚುಕ್ಕೆಗಳನ್ನು ಒಂದು ಗೆರೆಯಿಂದ ಸೇರಿಸೋಣ. ಉಳಿಯುವುದು ಚುಕ್ಕೆ-ಗೆರೆಗಳ ಒಂದು ಜಾಲ. ಗಣಿತಜ್ಞರು ಇದನ್ನು 'ಗ್ರಾಫ್' ಎನ್ನುತ್ತಾರೆ. ಪ್ರಾಂತ ದೊಡ್ಡದೇ ಚಿಕ್ಕದೇ, ಗಡಿ ನೇರವೇ ಡೊಂಕೇ ಎಂಬುದು ಆಟಕ್ಕೆ ಮುಖ್ಯವಲ್ಲ. ಯಾವುದು ಯಾವುದಕ್ಕೆ ಸೇರಿದೆ ಎಂಬುದಷ್ಟೇ ಮುಖ್ಯ.

ಈ ದೃಷ್ಟಿಯನ್ನು ಗಣಿತಕ್ಕೆ ಕೊಟ್ಟವನು ಆಯ್ಲರ್. ಪ್ರೆಗೆಲ್ ನದಿಯ ಮೇಲಿನ ಕೋನಿಗ್ಸ್‌ಬರ್ಗ್ ಪಟ್ಟಣದಲ್ಲಿ ಏಳು ಸೇತುವೆಗಳಿದ್ದವು. ಪ್ರತಿಯೊಂದು ಸೇತುವೆಯನ್ನೂ ಒಂದೇ ಒಂದು ಬಾರಿ ದಾಟಿ ಊರನ್ನೆಲ್ಲ ಸುತ್ತಿಬರಲು ಸಾಧ್ಯವೆ ಎಂಬುದು ಅಲ್ಲಿನವರ ಒಗಟು. ಆಯ್ಲರ್ 1736ರ ತನ್ನ ಪ್ರಬಂಧದಲ್ಲಿ ಅದು ಅಸಾಧ್ಯವೆಂದು ಸಾಧಿಸಿದನು. ಅವನು ಸೇತುವೆಗಳ ಉದ್ದವನ್ನು ಅಳೆಯಲಿಲ್ಲ. ಒಂದೊಂದು ಭೂಭಾಗಕ್ಕೂ ಎಷ್ಟು ಸೇತುವೆಗಳು ಬಂದು ಸೇರುತ್ತವೆ ಎಂಬುದನ್ನು ಎಣಿಸಿದನು, ಅಷ್ಟೆ.

ನಾವೂ ಹಾಗೆಯೇ ಎಣಿಸಬೇಕು. ಒಂದು ಪ್ರಾಂತಕ್ಕೆ ಸೇರುವ ಗೆರೆಗಳ ಸಂಖ್ಯೆಯನ್ನು ಆ ಪ್ರಾಂತದ 'ನೆರೆ' ಎಂದು ಕರೆಯೋಣ. ನೆರೆ ಒಂದೇ ಆದರೆ ಆ ಪ್ರಾಂತ ಒಂದು ಮೂಲೆಯ ಕೋಣೆ. ಅಲ್ಲಿರುವವನನ್ನು ಯಾರೂ ತಂಟೆಮಾಡುವುದಿಲ್ಲ, ಅವನೂ ಆಟದಲ್ಲಿ ಸೇರುವುದಿಲ್ಲ. ನೆರೆ ಏಳೋ ಎಂಟೋ ಆದರೆ ಅದು ಸಂತೆಯ ಬೀದಿ. ಎಲ್ಲರೂ ಅದರ ಮೂಲಕ ಹಾದುಹೋಗುತ್ತಾರೆ, ಯಾರೂ ಅಲ್ಲಿ ನೆಲೆಯೂರಲಾರರು. ಇಂದು ಸಾಮಾನ್ಯವಾಗಿ ಮುದ್ರಿಸುವ ರಿಸ್ಕ್ ಹಲಗೆಯಲ್ಲಿ 42 ಪ್ರಾಂತಗಳ ನಡುವೆ 83 ಗೆರೆಗಳಿವೆ. ಪ್ರತಿಯೊಂದು ಗೆರೆಗೂ ಎರಡು ತುದಿಗಳಿರುವುದರಿಂದ ಒಟ್ಟು ನೆರೆ 166. ಸರಾಸರಿ ಒಂದು ಪ್ರಾಂತಕ್ಕೆ ಸುಮಾರು 4. ಗೆರೆಗಳು ಒಂದನ್ನೊಂದು ಕತ್ತರಿಸದಂತೆ ಬರೆದ ಯಾವ ನಕ್ಷೆಯಲ್ಲಾದರೂ ಗೆರೆಗಳ ಸಂಖ್ಯೆ ಪ್ರಾಂತಗಳ ಸಂಖ್ಯೆಯ ಮೂರರಷ್ಟರಲ್ಲಿ 6 ಕಳೆದುದಕ್ಕಿಂತ ಹೆಚ್ಚಾಗಲಾರದು. ಇದೂ ಆಯ್ಲರನ ಸೂತ್ರದಿಂದಲೇ ಸಿದ್ಧವಾಗುವ ಮಾತು. ಎಂದರೆ ಸರಾಸರಿ ನೆರೆ 6ನ್ನು ಎಂದಿಗೂ ಮುಟ್ಟದು. ಮೂರು-ಮೂರೂವರೆಯಿಂದ ನಾಲ್ಕರವರೆಗಿನ ಸರಾಸರಿ ಆಟಕ್ಕೆ ಹಿತವಾದುದು.

ಬಾಗಿಲುಗಳ ಲೆಕ್ಕ

ಒಂದೊಂದು ಪ್ರಾಂತದ ನೆರೆಗಿಂತ ಮುಖ್ಯವಾದುದು ಒಂದೊಂದು ಖಂಡದ ಬಾಗಿಲು. ಖಂಡದೊಳಗಿನಿಂದ ಹೊರಕ್ಕೆ ಹೋಗುವ ಪ್ರತಿಯೊಂದು ಗೆರೆಯೂ ಒಂದು ಬಾಗಿಲು. ರಿಸ್ಕ್ ಹಲಗೆಯಲ್ಲಿ ಇವುಗಳನ್ನು ಎಣಿಸಿದರೆ ಹೀಗೆ ದೊರೆಯುತ್ತದೆ:

ಆಸ್ಟ್ರೇಲಿಯ: ಪ್ರಾಂತ 4, ಬಾಗಿಲು 1, ಹೆಚ್ಚುವರಿ ದಳ 2.
ದಕ್ಷಿಣ ಅಮೆರಿಕ: ಪ್ರಾಂತ 4, ಬಾಗಿಲು 2, ಹೆಚ್ಚುವರಿ ದಳ 2.
ಆಫ್ರಿಕ: ಪ್ರಾಂತ 6, ಬಾಗಿಲು 6, ಹೆಚ್ಚುವರಿ ದಳ 3.
ಉತ್ತರ ಅಮೆರಿಕ: ಪ್ರಾಂತ 9, ಬಾಗಿಲು 3, ಹೆಚ್ಚುವರಿ ದಳ 5.
ಯೂರೋಪು: ಪ್ರಾಂತ 7, ಬಾಗಿಲು 8, ಹೆಚ್ಚುವರಿ ದಳ 5.
ಏಷ್ಯ: ಪ್ರಾಂತ 12, ಬಾಗಿಲು 8, ಹೆಚ್ಚುವರಿ ದಳ 7.

ಈ ಅಂಕಿಗಳಲ್ಲಿ ಒಂದು ಕ್ರಮವಿದೆಯೆ? ಖಂಡವೊಂದನ್ನು ಗೆಲ್ಲುವ ಶ್ರಮ ಪ್ರಾಂತಗಳ ಸಂಖ್ಯೆಯಿಂದ ಹೆಚ್ಚುತ್ತದೆ. ಗೆದ್ದುದನ್ನು ಉಳಿಸಿಕೊಳ್ಳುವ ಶ್ರಮ ಬಾಗಿಲುಗಳ ಸಂಖ್ಯೆಯಿಂದ ಹೆಚ್ಚುತ್ತದೆ. ಆದುದರಿಂದ ಇವೆರಡನ್ನೂ ಕೂಡಿಸಿ 3ರಿಂದ ಭಾಗಿಸಿ, ಹತ್ತಿರದ ಪೂರ್ಣಾಂಕವನ್ನು ತೆಗೆದುಕೊಂಡು ನೋಡೋಣ. ಆಸ್ಟ್ರೇಲಿಯಕ್ಕೆ 2, ದಕ್ಷಿಣ ಅಮೆರಿಕಕ್ಕೆ 2, ಯೂರೋಪಿಗೆ 5, ಏಷ್ಯಕ್ಕೆ 7. ನಾಲ್ಕೂ ಹಲಗೆಯ ಮೇಲಿನ ಅಂಕಿಗಳೇ! ಆಫ್ರಿಕಕ್ಕೂ ಉತ್ತರ ಅಮೆರಿಕಕ್ಕೂ ಈ ಲೆಕ್ಕದಲ್ಲಿ 4 ಬರುತ್ತದೆ. ಆದರೆ ಹಲಗೆಯ ಮೇಲೆ ಆಫ್ರಿಕಕ್ಕೆ ಒಂದು ಕಡಮೆ, ಉತ್ತರ ಅಮೆರಿಕಕ್ಕೆ ಒಂದು ಹೆಚ್ಚು. ಲಾಮೊರೀಸನು ಈ ಸೂತ್ರವನ್ನೇ ಬಳಸಿದನೆಂದು ನಾವು ಹೇಳುತ್ತಿಲ್ಲ. ನಮ್ಮ ಮೊದಲ ನಕ್ಷೆಯ ಅಂಕಿಗಳನ್ನು ಗೊತ್ತುಮಾಡಲು ಇದು ಒಳ್ಳೆಯ ಊರುಗೋಲೆಂಬುದು ಮಾತ್ರ ನಮ್ಮ ಅಭಿಪ್ರಾಯ.

ಆದರೂ ಊರುಗೋಲು ಕಣ್ಣಲ್ಲ. ಆಸ್ಟ್ರೇಲಿಯಕ್ಕೂ ದಕ್ಷಿಣ ಅಮೆರಿಕಕ್ಕೂ ಒಂದೇ ಬೆಲೆಯಾದರೂ ಅನುಭವಿ ಆಟಗಾರರು ಮೊದಲು ಕಣ್ಣಿಡುವುದು ಆಸ್ಟ್ರೇಲಿಯದ ಮೇಲೆ. ಅಲ್ಲಿಗೆ ಇರುವುದು ಸಯಾಮಿನ ಕಡೆಯ ಒಂದೇ ಬಾಗಿಲು. ಬಾಗಿಲೊಂದೇ ಆದಾಗ ಏನಾಗುತ್ತದೆಂಬುದನ್ನು ತಿಳಿಯಲು ದಾಳಗಳತ್ತ ತಿರುಗಬೇಕು.

ದಾಳಗಳು ಹೇಳುವುದೇನು?

ರಿಸ್ಕ್ ಆಟದಲ್ಲಿ ದಂಡೆತ್ತಿ ಬಂದವನು 3 ದಾಳಗಳವರೆಗೆ ಹಾಕಬಹುದು; ಕಾಯುವವನು 2ರವರೆಗೆ. ಇಬ್ಬರ ಅತ್ಯಧಿಕ ಅಂಕಿಗಳನ್ನೂ, ಅನಂತರ ಎರಡನೆಯ ಅಂಕಿಗಳನ್ನೂ ಹೋಲಿಸುತ್ತಾರೆ. ಕಡಮೆ ಬಿದ್ದವನು ಒಂದು ದಳವನ್ನು ಕಳೆದುಕೊಳ್ಳುತ್ತಾನೆ. ಸಮವಾದರೆ ಕಾಯುವವನಿಗೇ ಗೆಲವು.

ಐದು ದಾಳಗಳು 7,776 ಬಗೆಗಳಲ್ಲಿ ಬೀಳಬಹುದು. ಇವುಗಳಲ್ಲಿ 2,890 ಬಗೆಗಳಲ್ಲಿ ಕಾಯುವವನ ಎರಡು ದಳಗಳೂ ಹೋಗುತ್ತವೆ. 2,275 ಬಗೆಗಳಲ್ಲಿ ದಂಡೆತ್ತಿ ಬಂದವನ ಎರಡು ದಳಗಳು ಹೋಗುತ್ತವೆ. ಉಳಿದ 2,611 ಬಗೆಗಳಲ್ಲಿ ಒಬ್ಬೊಬ್ಬರಿಗೆ ಒಂದೊಂದು ನಷ್ಟ. ಒಟ್ಟು ನಷ್ಟದಲ್ಲಿ ಕಾಯುವವನ ಪಾಲು ನೂರಕ್ಕೆ ಸುಮಾರು 54, ಎದುರಾಳಿಯದು 46. ಆದರೆ ಇಬ್ಬರೂ ಒಂದೊಂದೇ ದಾಳ ಹಾಕುವಷ್ಟು ಬಡವಾದಾಗ 36 ಬಗೆಗಳಲ್ಲಿ 15 ಮಾತ್ರ ದಂಡೆತ್ತಿದವನಿಗೆ ಅನುಕೂಲ. ದೊಡ್ಡ ಸೈನ್ಯಕ್ಕೆ ಮುನ್ನುಗ್ಗುವುದು ಲಾಭ, ಚಿಕ್ಕ ಸೈನ್ಯಕ್ಕೆ ನಿಂತು ಕಾಯುವುದು ಲಾಭ ಎಂದಾಯಿತು.

ಒಬ್ಬನಲ್ಲಿ 12 ದಳಗಳಿವೆಯೆನ್ನೋಣ. ಅವನ ಖಂಡಕ್ಕೆ ಒಂದೇ ಗಡಿಪ್ರಾಂತವಿದ್ದರೆ ಬಹುತೇಕ ಹನ್ನೆರಡನ್ನೂ ಅಲ್ಲಿ ನಿಲ್ಲಿಸಬಹುದು. ನಾಲ್ಕಿದ್ದರೆ ಒಂದೊಂದರಲ್ಲಿ ಮೂರು ಮಾತ್ರ. ಎದುರಾಳಿಯು ನಾಲ್ಕರಲ್ಲಿ ಒಂದನ್ನು ಆರಿಸಿಕೊಂಡು 10 ದಳಗಳೊಡನೆ ನುಗ್ಗಿದರೆ ಮೂರರ ಕಾವಲು ಮುರಿಯದೆ ಉಳಿಯುವುದು ಅಪರೂಪ. ಒಂದು ಪ್ರಾಂತ ಹೋದರೆ ಮುಂದಿನ ಸರದಿಗೆ ಖಂಡದ ಹೆಚ್ಚುವರಿ ದಳಗಳೂ ಹೋದುವು. ಹೀಗೆ ಬಾಗಿಲುಗಳ ಸಂಖ್ಯೆ ಸೈನ್ಯದ ದಪ್ಪವನ್ನು ನಿರ್ಣಯಿಸುತ್ತದೆ. ಸೈನ್ಯದ ದಪ್ಪ ದಾಳಗಳ ಒಲವನ್ನು ನಿರ್ಣಯಿಸುತ್ತದೆ. ದಾಳವನ್ನು ಉರುಳಿಸುವುದು ಆಟಗಾರನ ಕೈಯಾದರೂ ಅದರ ಹಿಂದೆ ನಕ್ಷೆ ಬರೆದವನ ಕೈಯೂ ಇದೆ.

ದಾಳಗಳಿಲ್ಲದ ಆಟದಲ್ಲಿಯೂ ನಕ್ಷೆಯ ಹಿಡಿತ ಸಡಿಲವಾಗುವುದಿಲ್ಲ. ಅಮೆರಿಕದ ಆಲನ್ ಕ್ಯಾಲ್ಹಾಮರ್ 1954ರಲ್ಲಿ ರಚಿಸಿ 1959ರಲ್ಲಿ ಪ್ರಕಟಿಸಿದ 'ಡಿಪ್ಲೊಮಸಿ'ಯಲ್ಲಿ ದಾಳವೇ ಇಲ್ಲ. ಮಾತುಕತೆ ಮತ್ತು ಗುಟ್ಟಾಗಿ ಬರೆದ ಆಜ್ಞೆಗಳಿಂದಲೇ ಆಟ ನಡೆಯುತ್ತದೆ. ಅದರ ಯೂರೋಪಿನ ನಕ್ಷೆಯಲ್ಲಿ 7 ರಾಷ್ಟ್ರಗಳು. 34 ಸರಬರಾಜು ಕೇಂದ್ರಗಳು. ಅವುಗಳಲ್ಲಿ 12 ಆರಂಭದಲ್ಲಿ ಯಾರಿಗೂ ಸೇರಿಲ್ಲ. ಈ ಹನ್ನೆರಡರ ಆಸೆಯೇ ಎಲ್ಲರನ್ನೂ ಮನೆಬಿಟ್ಟು ಹೊರಡಿಸುತ್ತದೆ. ಸ್ವಿಟ್ಜರ್ಲೆಂಡನ್ನು ಮಾತ್ರ ಯಾರೂ ಪ್ರವೇಶಿಸುವಂತಿಲ್ಲ. ನಟ್ಟನಡುವೆ ಇಟ್ಟ ಒಂದು ಬಂಡೆಯಂತೆ ಅದು ಸೈನ್ಯಗಳನ್ನು ಸುತ್ತುಬಳಸಿ ನಡೆಸುತ್ತದೆ. ದಾರಿಯನ್ನು ತೆರೆಯುವುದು ಎಷ್ಟು ಮುಖ್ಯವೋ ಮುಚ್ಚುವುದೂ ಅಷ್ಟೇ ಮುಖ್ಯವೆಂಬುದಕ್ಕೆ ಇದು ನಿದರ್ಶನ.

ನಮ್ಮ ಮೊದಲ ನಕ್ಷೆ

ಇಷ್ಟು ತಿಳಿದ ಮೇಲೆ ಒಂದು ನಕ್ಷೆಯನ್ನು ಬರೆಯೋಣ. ಮೂವರು ಆಡುವ ಆಟ, 15 ಪ್ರಾಂತಗಳು. ಪರಿಚಿತವಾದ ನೆಲವನ್ನೇ ಆರಿಸಿಕೊಂಡರೆ ತಪ್ಪುಗಳು ಬೇಗ ಕಣ್ಣಿಗೆ ಬೀಳುತ್ತವೆ. ಆದುದರಿಂದ ಕರ್ನಾಟಕದ ಪಶ್ಚಿಮಾರ್ಧವನ್ನು ತೆಗೆದುಕೊಂಡು ಜಿಲ್ಲೆಗಳನ್ನೇ ಪ್ರಾಂತಗಳಾಗಿ ಮಾಡಿದೆವು. ಕರಾವಳಿಗೆ ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡ. ಮಲೆನಾಡಿಗೆ ಶಿವಮೊಗ್ಗ, ಚಿಕ್ಕಮಗಳೂರು, ಹಾಸನ, ಕೊಡಗು. ಉತ್ತರಕ್ಕೆ ಬೆಳಗಾವಿ, ಧಾರವಾಡ, ಹಾವೇರಿ. ಬಯಲುಸೀಮೆಗೆ ದಾವಣಗೆರೆ, ಚಿತ್ರದುರ್ಗ, ತುಮಕೂರು, ಮಂಡ್ಯ, ಮೈಸೂರು. ಭೂಪಟದಲ್ಲಿ ಯಾವ ಜಿಲ್ಲೆಗಳ ಗಡಿಗಳು ತಾಗುತ್ತವೆಯೋ ಅವುಗಳ ನಡುವೆಲ್ಲ ದಾರಿ ತೆರೆದೆವು. ಗೆರೆಗಳು 30 ಆದುವು. ಸರಾಸರಿ ನೆರೆ ಸರಿಯಾಗಿ 4. ನೋಡಿ ಹಿಗ್ಗಿದೆವು.

ಹಿಗ್ಗು ಬಹಳ ಹೊತ್ತು ನಿಲ್ಲಲಿಲ್ಲ. ಸರಾಸರಿ ಸರಿಯಾಗಿದ್ದರೂ ಹಂಚಿಕೆ ಸರಿಯಾಗಿರಲಿಲ್ಲ. ಚಿಕ್ಕಮಗಳೂರಿಗೆ ನೆರೆ 7, ಹಾಸನಕ್ಕೆ 6; ಬೆಳಗಾವಿಗೆ 2. ಮಲೆನಾಡಿನ ನಾಲ್ಕು ಪ್ರಾಂತಗಳಿಗೆ 15 ಬಾಗಿಲುಗಳು! ಅಲ್ಲಿ ಆರಂಭಿಸಿದ ಗೆಳೆಯನು ಎಷ್ಟು ಜಾಣತನದಿಂದ ಆಡಿದರೂ ಒಂದು ಸುತ್ತೂ ಆ ಸೀಮೆಯನ್ನು ಇಡಿಯಾಗಿ ಕೈಯಲ್ಲಿಟ್ಟುಕೊಳ್ಳಲಾರದೆ ಹೋದನು. ಉತ್ತರದ ಮೂರು ಪ್ರಾಂತಗಳಿಗಾದರೋ ಬಾಗಿಲು 5 ಮಾತ್ರ. ಇದರೊಡನೆ ಇನ್ನೊಂದು ಸಂಗತಿಯನ್ನೂ ನಾವು ಗಮನಿಸಿರಲಿಲ್ಲ. 15 ಪ್ರಾಂತಗಳ ನಕ್ಷೆಯಲ್ಲಿ ಒಬ್ಬನು 11 ಪ್ರಾಂತಗಳನ್ನು ಗೆಲ್ಲುವವರೆಗೂ ಅವನಿಗೆ ಬರುವುದು ಅದೇ 3 ದಳ. ಚಿಕ್ಕ ನಕ್ಷೆಯಲ್ಲಿ ಬಿಡಿ ಪ್ರಾಂತಗಳಿಂದ ಸಿರಿ ಬರುವುದಿಲ್ಲ. ಸೀಮೆಯ ಹೆಚ್ಚುವರಿ ದಳಗಳಿಂದಲೇ ಬರಬೇಕು. ಆದುದರಿಂದ ಸೀಮೆಯನ್ನು ಕಟ್ಟುವುದರಲ್ಲಿ ಮಾಡಿದ ತಪ್ಪು ಇಲ್ಲಿ ಇಮ್ಮಡಿಯಾಗಿ ಕಾಡುತ್ತದೆ.

ಎರಡನೆಯ ತಪ್ಪು

ತಪ್ಪನ್ನು ತಿದ್ದಲು ಹೊರಟು ನಾವು ಅದರ ಎದುರು ತುದಿಗೆ ಹೋದೆವು. ಘಟ್ಟಗಳು ನೆನಪಾದುವು. ಉತ್ತರದಿಂದ ದಕ್ಷಿಣದವರೆಗೆ ನಿಂತಿರುವ ಆ ಗೋಡೆಯನ್ನು ನಕ್ಷೆಯಲ್ಲಿ ದಪ್ಪನೆಯ ಕಂದು ಗೆರೆಯಾಗಿ ಬರೆದು, ಕರಾವಳಿಗೆ ಎರಡೇ ಬಾಗಿಲುಗಳನ್ನು ಬಿಟ್ಟೆವು: ಉತ್ತರ ಕನ್ನಡದಿಂದ ಧಾರವಾಡಕ್ಕೆ ಒಂದು, ದಕ್ಷಿಣ ಕನ್ನಡದಿಂದ ಹಾಸನಕ್ಕೆ ಶಿರಾಡಿ ಘಾಟಿ ಒಂದು. ಸೀಮೆಗೆ ಹೆಚ್ಚುವರಿ ದಳ 3 ಎಂದು ಬರೆದೆವು.

ಫಲವನ್ನು ವಾಚಕರು ಊಹಿಸಬಹುದು. ಕರಾವಳಿಯನ್ನು ಮೊದಲು ಹಿಡಿದವನು ಉಡುಪಿಯಲ್ಲಿ ಒಂದೇ ದಳವನ್ನಿಟ್ಟು, ಮಿಕ್ಕುದನ್ನೆಲ್ಲ ಎರಡು ಬಾಗಿಲುಗಳಲ್ಲಿ ನಿಲ್ಲಿಸಿ, ಸುತ್ತು ಸುತ್ತಿಗೂ ಆರಾರು ದಳಗಳನ್ನು ಎಣಿಸಿಕೊಂಡು ಕುಳಿತನು. ಉಳಿದಿಬ್ಬರು ಮೂರು ಮೂರು ದಳಗಳಿಂದ ಒಬ್ಬರನ್ನೊಬ್ಬರು ಸವೆಸಿಕೊಂಡರು. ಆಸ್ಟ್ರೇಲಿಯವನ್ನು ನಾವು ಅರಬ್ಬೀ ಸಮುದ್ರದ ದಂಡೆಗೆ ತಂದು ನಿಲ್ಲಿಸಿದ್ದೆವು! ನಮ್ಮ ಸೂತ್ರವನ್ನು ಅನ್ವಯಿಸಿದ್ದರೆ 3 ಪ್ರಾಂತ, 2 ಬಾಗಿಲು, ಒಟ್ಟು 5. ಮೂರರಿಂದ ಭಾಗಿಸಿದರೆ 2 ದಳವಷ್ಟೇ ಸಲ್ಲತಕ್ಕುದಾಗಿತ್ತು. ನಾವು ಒಂದನ್ನು ಹೆಚ್ಚಾಗಿ ಕೊಟ್ಟಿದ್ದೆವು. ಆದರೆ ಬೆಲೆಯನ್ನು ಇಳಿಸಿದರಷ್ಟೇ ಸಾಲದು. ಗೋಡೆಯಲ್ಲಿಯೇ ಬಾಗಿಲುಗಳನ್ನು ತೆರೆಯಬೇಕಾಗಿತ್ತು.

ತಿದ್ದಿದ ನಕ್ಷೆ

ಈ ಸಲ ನಾವು ನೆಲವನ್ನೇ ಮತ್ತೊಮ್ಮೆ ನೋಡಿದೆವು. ಘಟ್ಟ ಗೋಡೆಯೂ ಅಲ್ಲ, ಬಯಲೂ ಅಲ್ಲ. ಅದು ಘಾಟಿಗಳುಳ್ಳ ಗೋಡೆ. ಉತ್ತರ ಕನ್ನಡ ಜಿಲ್ಲೆಯಾದರೋ ಘಟ್ಟದ ಎರಡು ಕಡೆಗೂ ಹರಡಿಕೊಂಡಿದೆ: ಕಾರವಾರ, ಅಂಕೋಲ, ಕುಮಟ, ಹೊನ್ನಾವರ, ಭಟ್ಕಳ ಕೆಳಗೆ, ಶಿರಸಿ, ಸಿದ್ದಾಪುರ, ಯಲ್ಲಾಪುರ, ಹಳಿಯಾಳಗಳು ಮೇಲೆ. ಜಿಲ್ಲೆಯ ಗಡಿಯೇ ಆಟದ ಗಡಿಯಾಗಬೇಕೆಂಬ ನಿಯಮವೇನೂ ಇಲ್ಲ. ಆದುದರಿಂದ ಅದನ್ನು ಕಾರವಾರ, ಶಿರಸಿ ಎಂಬ ಎರಡು ಪ್ರಾಂತಗಳಾಗಿ ಸೀಳಿದೆವು. ಪ್ರಾಂತಗಳ ಸಂಖ್ಯೆ 16 ಆಗಬಾರದೆಂದು ಮಂಡ್ಯವನ್ನು ಮೈಸೂರಿನೊಡನೆ ಸೇರಿಸಿದೆವು. ಇದೇನೂ ಬಲಾತ್ಕಾರವಲ್ಲ, 1939ರಲ್ಲಿ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಮಂಡ್ಯ ಮೈಸೂರು ಜಿಲ್ಲೆಯ ಭಾಗವೇ ಆಗಿತ್ತು.

ಘಾಟಿಗಳಲ್ಲಿ ನಾಲ್ಕನ್ನು ತೆರೆದೆವು. ಕಾರವಾರದಿಂದ ಶಿರಸಿಗೆ ದೇವಿಮನೆ, ಉಡುಪಿಯಿಂದ ಶಿವಮೊಗ್ಗಕ್ಕೆ ಆಗುಂಬೆ, ದಕ್ಷಿಣ ಕನ್ನಡದಿಂದ ಹಾಸನಕ್ಕೆ ಶಿರಾಡಿ, ಕೊಡಗಿಗೆ ಸಂಪಾಜೆ. ಚಾರ್ಮಾಡಿಯೂ ಹೆಸರಾದ ಘಾಟಿಯೇ. ಆದರೆ ಅದನ್ನು ತೆರೆದರೆ ಚಿಕ್ಕಮಗಳೂರಿನ ನೆರೆ ಮತ್ತೆ ಏರುತ್ತದೆ. ಆದುದರಿಂದ ಆಟದ ಹಿತಕ್ಕಾಗಿ ಅದನ್ನು ಮುಚ್ಚಿದೆವು. ಸತ್ಯವಾದ ದಾರಿಯನ್ನು ಮುಚ್ಚುವ ಅಧಿಕಾರ ನಕ್ಷೆಗಾರನಿಗಿದೆ. ಆದರೆ ಯಾವುದಕ್ಕಾಗಿ ಮುಚ್ಚಿದೆನೆಂಬುದನ್ನು ಅವನು ಹೇಳಬಲ್ಲವನಾಗಿರಬೇಕು.

ಕೊನೆಯದಾಗಿ ಸೀಮೆಗಳನ್ನು ಹೊಸದಾಗಿ ಕಟ್ಟಿದೆವು. ಎರಡೇ ಪ್ರಾಂತಗಳ ಸೀಮೆ ಇರಕೂಡದು, ಐದರ ಸೀಮೆಯೂ ಇರಕೂಡದು; ಐದು ಸೀಮೆಗಳು, ಒಂದೊಂದರಲ್ಲಿ ಮೂರು ಪ್ರಾಂತಗಳು. ಕಾವೇರಿ ನೀರುಣಿಸುವ ಕೊಡಗು, ಹಾಸನ, ಮೈಸೂರುಗಳನ್ನು ಒಂದು ಸೀಮೆಯಾಗಿ ಮಾಡಿದೆವು. ಸೂತ್ರದ ಪ್ರಕಾರ ಬಂದ ಲೆಕ್ಕ ಇದು:

ಕರಾವಳಿ (ಕಾರವಾರ, ಉಡುಪಿ, ದಕ್ಷಿಣ ಕನ್ನಡ): ಬಾಗಿಲು 4, ಹೆಚ್ಚುವರಿ ದಳ 2.
ಉತ್ತರ ಸೀಮೆ (ಬೆಳಗಾವಿ, ಧಾರವಾಡ, ಹಾವೇರಿ): ಬಾಗಿಲು 5, ಹೆಚ್ಚುವರಿ ದಳ 3.
ಕಾವೇರಿ ಸೀಮೆ (ಕೊಡಗು, ಹಾಸನ, ಮೈಸೂರು): ಬಾಗಿಲು 5, ಹೆಚ್ಚುವರಿ ದಳ 3.
ಬಯಲು ಸೀಮೆ (ದಾವಣಗೆರೆ, ಚಿತ್ರದುರ್ಗ, ತುಮಕೂರು): ಬಾಗಿಲು 7, ಹೆಚ್ಚುವರಿ ದಳ 3.
ಮಲೆನಾಡು (ಶಿರಸಿ, ಶಿವಮೊಗ್ಗ, ಚಿಕ್ಕಮಗಳೂರು): ಬಾಗಿಲು 11, ಹೆಚ್ಚುವರಿ ದಳ 5.

ಒಟ್ಟು ಗೆರೆಗಳು 27; ಸರಾಸರಿ ನೆರೆ 3.6. ಯಾವ ಪ್ರಾಂತದ ನೆರೆಯೂ 5ನ್ನು ಮೀರಿಲ್ಲ, 2ಕ್ಕೆ ಇಳಿದಿಲ್ಲದ ಪ್ರಾಂತಗಳೇ ಹೆಚ್ಚು. ಎರಡರಲ್ಲಿ ನಿಂತವು ಬೆಳಗಾವಿ ಮತ್ತು ಕಾರವಾರ ಮಾತ್ರ. ಬೆಳಗಾವಿಯಿಂದ ಮೈಸೂರಿಗೆ ಐದು ಹೆಜ್ಜೆ. ಇದಕ್ಕಿಂತ ದೂರವಾದ ಜೋಡಿ ನಕ್ಷೆಯಲ್ಲಿಲ್ಲ. ಇನ್ನೊಂದು ಪರೀಕ್ಷೆಯನ್ನೂ ವಾಚಕರು ಮಾಡಬಹುದು. ಯಾವುದಾದರೊಂದು ಪ್ರಾಂತವನ್ನು ಬೆರಳಿನಿಂದ ಮುಚ್ಚಿ, ಉಳಿದ ಹದಿನಾಲ್ಕೂ ಒಂದಕ್ಕೊಂದು ಸೇರಿಯೇ ಇವೆಯೇ ಎಂದು ನೋಡಿ. ನಮ್ಮ ನಕ್ಷೆ ಈ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತದೆ. ರಿಸ್ಕ್ ಹಲಗೆಯ ಮೇಲೆ ಸಯಾಮನ್ನು ಮುಚ್ಚಿದರೆ ಆಸ್ಟ್ರೇಲಿಯ ಜಗತ್ತಿನಿಂದಲೇ ಕಡಿದುಹೋಗುತ್ತದೆ.

ಹಂಚಿಕೆಯ ನ್ಯಾಯ

ನಕ್ಷೆ ಸಿದ್ಧವಾದ ಮೇಲೂ ಒಂದು ಅಪಾಯ ಉಳಿದಿದೆ. ಆರಂಭದಲ್ಲಿ ಪ್ರಾಂತಗಳ ಚೀಟಿಗಳನ್ನು ಕಲಸಿ ಒಬ್ಬೊಬ್ಬರಿಗೆ ಐದರಂತೆ ಹಂಚುವುದು ವಾಡಿಕೆ. ಹಾಗೆ ಹಂಚಿದಾಗ ಒಂದು ಇಡೀ ಸೀಮೆ ಒಬ್ಬನ ಕೈಗೇ ಬಂದುಬಿಟ್ಟರೆ? 15 ಚೀಟಿಗಳಿಂದ 5ನ್ನು 3,003 ಬಗೆಗಳಲ್ಲಿ ಆರಿಸಬಹುದು. ಗೊತ್ತಾದ ಮೂರು ಚೀಟಿಗಳೂ ಅದರಲ್ಲಿ ಇರಬೇಕಾದರೆ ಉಳಿದೆರಡನ್ನು 12ರಿಂದ ಆರಿಸಬೇಕು. ಅದಕ್ಕೆ 66 ಬಗೆಗಳು. ಆಟಗಾರರು ಮೂವರಿರುವುದರಿಂದ 198. ಎಂದರೆ ಗೊತ್ತಾದ ಒಂದು ಸೀಮೆ ಯಾರದಾದರೊಬ್ಬರ ಕೈ ಸೇರುವ ಸಂಭವ 91ರಲ್ಲಿ 6. ಇದು ಅಲ್ಪವೆಂದು ತೋರಬಹುದು. ಆದರೆ ಸೀಮೆಗಳು ಐದು. ಐದರಲ್ಲಿ ಯಾವುದಾದರೂ ಒಂದು ಹೀಗೆ ಸೇರುವ ಸಂಭವವನ್ನು ಲೆಕ್ಕಹಾಕಿದರೆ ನೂರಕ್ಕೆ ಸುಮಾರು 28 ಬರುತ್ತದೆ. ನಾಲ್ಕು ಆಟಗಳಲ್ಲಿ ಒಂದಕ್ಕಿಂತ ಹೆಚ್ಚು ಆಟಗಳು ಮೊದಲ ದಾಳ ಉರುಳುವ ಮೊದಲೇ ವಾಲಿಕೊಂಡಿರುತ್ತವೆ! ಎರಡೇ ಪ್ರಾಂತಗಳ ಸೀಮೆಯಿದ್ದಿದ್ದರೆ ಅದೊಂದರ ಸಂಭವವೇ 7ರಲ್ಲಿ 2 ಆಗುತ್ತಿತ್ತು. ಅಂಥ ಸೀಮೆ ಕೂಡದೆಂದು ನಾವು ಹೇಳಿದುದು ಇದಕ್ಕಾಗಿಯೇ.

ಪರಿಹಾರ ನಮ್ಮ ಕೈಯಲ್ಲಿಯೇ ಇದೆ. ಐದು ಸೀಮೆಗಳು, ಒಂದೊಂದರಲ್ಲಿ ಮೂರು ಪ್ರಾಂತಗಳು, ಆಡುವವರು ಮೂವರು. ಚೀಟಿಗಳನ್ನೆಲ್ಲ ಒಟ್ಟಿಗೆ ಕಲಸುವುದರ ಬದಲು ಒಂದೊಂದು ಸೀಮೆಯ ಮೂರು ಚೀಟಿಗಳನ್ನು ಬೇರೆಬೇರೆಯಾಗಿ ಕಲಸಿ, ಒಬ್ಬೊಬ್ಬರಿಗೆ ಒಂದೊಂದನ್ನು ಹಂಚಿದರಾಯಿತು. ಆಗ ಪ್ರತಿಯೊಬ್ಬನಿಗೂ ಪ್ರತಿಯೊಂದು ಸೀಮೆಯಲ್ಲಿಯೂ ಒಂದು ಕಾಲಿಡಲು ನೆಲವಿರುತ್ತದೆ. ಯಾರಿಗೂ ಇಡೀ ಸೀಮೆ ಬಿಟ್ಟಿಯಾಗಿ ಬರುವುದಿಲ್ಲ. ಅದೃಷ್ಟ ಪೂರ್ತಿಯಾಗಿ ಹೋಗಲಿಲ್ಲ. ಆಗುಂಬೆಯ ಮೇಲ್ತುದಿ ಒಬ್ಬನಿಗೆ, ಕೆಳತುದಿ ಇನ್ನೊಬ್ಬನಿಗೆ ಬರಬಹುದು. ಆದರೆ ಅದೃಷ್ಟ ಈಗ ಆಟಕ್ಕೆ ರುಚಿ ಕೊಡುವಷ್ಟಿದೆ, ಆಟವನ್ನು ನುಂಗುವಷ್ಟಿಲ್ಲ.

ಇಷ್ಟಾದರೂ ನಕ್ಷೆ ಮುಗಿಯಿತೆಂದು ತಿಳಿಯಬಾರದು. ಲೆಕ್ಕ ತಪ್ಪನ್ನು ಮುಂದಾಗಿ ತೋರಿಸಬಲ್ಲುದು, ಎಲ್ಲ ತಪ್ಪುಗಳನ್ನೂ ತೋರಿಸಲಾರದು. ಮೊದಲ ನಕ್ಷೆಯನ್ನು ಪೆನ್ಸಿಲಿನಲ್ಲಿಯೇ ಬರೆಯಿರಿ. ಹತ್ತು ಹದಿನೈದು ಬಾರಿ ಆಡಿ, ಪ್ರತಿಯೊಂದು ಆಟದಲ್ಲಿಯೂ ಮೂರು ಸಂಗತಿಗಳನ್ನು ಬರೆದಿಡಿ: ಮೊದಲು ಪೂರ್ತಿಯಾದ ಸೀಮೆ ಯಾವುದು, ಗೆದ್ದವನು ಹಿಡಿದಿದ್ದ ಸೀಮೆ ಯಾವುದು, ಮೊದಲು ಹೊರಬಿದ್ದವನ ಬಲ ಎಲ್ಲಿತ್ತು. ಒಂದೇ ಹೆಸರು ಮತ್ತೆ ಮತ್ತೆ ಬಂದರೆ ಅಲ್ಲಿ ಒಂದು ಬಾಗಿಲನ್ನು ತೆರೆಯಿರಿ, ಅಥವಾ ಮುಚ್ಚಿರಿ. ಒಂದು ಬಾರಿಗೆ ಒಂದೇ ಬದಲಾವಣೆ ಮಾಡಿ. ಎರಡನ್ನು ಒಟ್ಟಿಗೆ ಮಾಡಿದರೆ ಗುಣ ಬಂದುದು ಯಾವುದರಿಂದ ಎಂಬುದು ತಿಳಿಯದೆ ಹೋಗುತ್ತದೆ. ಪ್ರಯೋಗಶಾಲೆಯ ನಿಯಮವೂ ಇದೇ ಅಲ್ಲವೆ?

ಮಲೆನಾಡಿನಲ್ಲಿ ಸೋತು ಸುಮ್ಮನೆ ಕುಳಿತಿದ್ದ ನಮ್ಮ ಗೆಳೆಯನು ತಿದ್ದಿದ ನಕ್ಷೆಯ ಮೇಲೆಯೂ ಒಮ್ಮೆ ಸೋತನು. ಆದರೆ ಈ ಸಲ ಅವನು ಹಲಗೆಯನ್ನು ಮಡಿಚಲು ಬಿಡಲಿಲ್ಲ. ಶಿವಮೊಗ್ಗದ ಕಾವಲನ್ನು ಬರಿದುಮಾಡಿ ತುಮಕೂರಿಗೆ ನುಗ್ಗಿದುದು ತನ್ನ ತಪ್ಪೆಂದು ತೋರಿಸಿ, ಮತ್ತೊಂದು ಆಟಕ್ಕೆ ಚೀಟಿಗಳನ್ನು ಕಲಸತೊಡಗಿದನು.